ಗೀಜರ್ ಹೊಟ್ಟೆಯೊಳಗಿನ ಸುಣ್ಣ

2023ರ ಡಿಸೆಂಬರ್. ಬೆಳಗ್ಗೆ ಐದೂಮುಕ್ಕಾಲು. ಚಿತ್ರದುರ್ಗದ ಚಳಿ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಮಧ್ಯಾಹ್ನ ಬಂಡೆ ಕಾದು ಕೆಂಡ, ಬೆಳಗಾದರೆ ಜೋಗಿಮಟ್ಟಿ ಕಡೆಯಿಂದ ಬೀಸುವ ಗಾಳಿಗೆ ಕಿವಿಯೇ ಉದುರಿ ಬೀಳುವ ಹಾಗೆ. ಕಣ್ಣು ಮುಚ್ಚಿಕೊಂಡೇ ಹೋಗಿ ಗೀಜರ್ ಸ್ವಿಚ್ ಹಾಕಿದೆ. ಟಪ್. ಇಡೀ ಮನೆ ಕತ್ತಲು.

ಅತ್ತೆ ದೇವರ ಮನೆಯಿಂದ "ಕರೆಂಟ್ ತೆಗೆದ್ರಾ?" ಅಂದರು. ಕಿಟಕಿಯಲ್ಲಿ ನೋಡಿದರೆ ಎದುರುಮನೆಯಲ್ಲಿ ಆರಾಮಾಗಿ ದೀಪ ಉರೀತಾ ಇದೆ. ಟಾರ್ಚ್ ಹಿಡಿದು ಮೀಟರ್ ಬೋರ್ಡ್ ಹತ್ತಿರ ಹೋದೆ. ಕರೆಂಟ್ ಸೋರಿದರೆ ಲೈನ್ ಕಡಿಯುವ ಪೆಟ್ಟಿಗೆ, ಇಎಲ್‌ಸಿಬಿ, ಅದರ ಸ್ವಿಚ್ ಕೆಳಗೆ ಬಿದ್ದಿತ್ತು. ಎತ್ತಿದೆ, ನಿಂತಿತು. ಗೀಜರ್ ಹಾಕಿದೆ, ಮತ್ತೆ ಟಪ್. ಮೂರು ಸಲ ಇದೇ ಆಟ ಆಡಿ, ಕೊನೆಗೆ ಗ್ಯಾಸ್ ಒಲೆ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರಿಟ್ಟೆ. ಮಗಳು ಸ್ಕೂಲಿಗೆ ಹೊರಡುವ ಹೊತ್ತಿಗೆ ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುವ ಹಾಗಿರಲಿಲ್ಲ.

ಇದು ಮೊದಲ ಸಲ ಆಗಿದ್ದರೆ ಬರೆಯುತ್ತಲೇ ಇರಲಿಲ್ಲ. 2017ರಲ್ಲಿ ತಂದ 15 ಲೀಟರ್ ಗೀಜರ್ ಅದು. 2019ರಲ್ಲಿ ಒಮ್ಮೆ ಒಳಗೆ ನೀರು ಕಾಯಿಸುವ ಎಲಿಮೆಂಟ್ ಹೋಗಿತ್ತು, ಬದಲಾಯಿಸಿದ್ದೆವು. 2021ರಲ್ಲಿ ಮತ್ತೆ ಅದೇ. ಈಗ ಮೂರನೇ ಸಲ. ಎರಡು ವರ್ಷಕ್ಕೊಂದು ಎಲಿಮೆಂಟ್, ಹಬ್ಬಕ್ಕೆ ಬಟ್ಟೆ ತಂದ ಹಾಗೆ. "ಇದನ್ನ ಎಸೆದು ಹೊಸದು ತಗೊಳ್ಳೋಣ, ಈ ಕಂಪನಿ ಮಾಲೇ ಸರಿ ಇಲ್ಲ" ಅಂದರು ನಮ್ಮನೆಯವರು. ನನಗೂ ಹಾಗೇ ಅನ್ನಿಸಿತ್ತು. ಆದರೂ ಒಂದು ಸಲ ತೋರಿಸಿಬಿಡೋಣ ಅಂತ ಕಂಪನಿಯ ಸರ್ವೀಸ್ ನಂಬರಿಗೆ ಫೋನ್ ಮಾಡಿದೆ.

ನಾಲ್ಕನೇ ದಿನ ಒಬ್ಬ ಹುಡುಗ ಬಂದ. ಬಾತ್‌ರೂಮ್ ಬಾಗಿಲಲ್ಲೇ ನಿಂತು ಮೇಲೆ ನೋಡಿದ. ಸ್ವಿಚ್ ಹಾಕಿ, ಟಪ್ ಅನ್ನಿಸಿಕೊಂಡ. ಸ್ಕ್ರೂಡ್ರೈವರ್ ಬ್ಯಾಗಿನಿಂದ ಹೊರಗೇ ಬರಲಿಲ್ಲ. "ಆರು ವರ್ಷ ಆಗಿದೆ ಮೇಡಂ, ಎಲಿಮೆಂಟ್ ಹಾಕಿದ್ರೂ ಟ್ಯಾಂಕ್ ಗ್ಯಾರಂಟಿ ಕೊಡಕ್ಕಾಗಲ್ಲ, ಎಕ್ಸ್‌ಚೇಂಜ್‌ನಲ್ಲಿ ಹೊಸದು ಮಾಡಿಸ್ಕೊಳ್ಳಿ, ಸಾವಿರ ರೂಪಾಯಿ ಕಡಿಮೆ ಆಗುತ್ತೆ" ಅಂದ. ನೋಡಿದ್ದಕ್ಕೆ ನಾನೂರು ಚಿಲ್ಲರೆ ಇಸ್ಕೊಂಡು ಹೋದ. ಸಿಟ್ಟು ಬಂತು. ಆ ಸಿಟ್ಟು ಅರ್ಧ ಮಾತ್ರ ಸರಿ ಅಂತ ಆಮೇಲೆ ಗೊತ್ತಾಯಿತು, ಅದಕ್ಕೆ ಬರ್ತೀನಿ.

ಪಕ್ಕದ ಬೀದಿಯಲ್ಲಿ ವೈರಿಂಗ್ ಮಾಡುವ ಇನ್ನೊಬ್ಬರು ಸುಲಭದ ದಾರಿ ತೋರಿಸಿದರು. "ಇಎಲ್‌ಸಿಬಿ ತುಂಬಾ ಸೂಕ್ಷ್ಮ, ಅದನ್ನ ತಪ್ಪಿಸಿ ಡೈರೆಕ್ಟ್ ಕೊಟ್ಟುಬಿಡ್ತೀನಿ, ಗೀಜರ್ ನಡೆಯುತ್ತೆ." ನಡೆಯುತ್ತೆ, ನಿಜ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ನಲ್ಲಿ ಮುಟ್ಟುವವರು ನಡೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ಮನೆಗಳಿಗೆ ಹಾಕುವ ಆ ಪೆಟ್ಟಿಗೆ ಸಾಮಾನ್ಯವಾಗಿ 30 ಮಿಲಿ ಆಂಪಿಯರ್‌ನದು, ಅಷ್ಟು ಕರೆಂಟ್ ದಾರಿ ತಪ್ಪಿ ಭೂಮಿ ಕಡೆ ಸೋರಿದರೆ ಸಾಕು, ಕಣ್ಣು ಮಿಟುಕಿಸುವುದರೊಳಗೆ ಲೈನ್ ಕಡಿದುಹಾಕುತ್ತೆ. ಅಂದರೆ ನಮ್ಮನೆಯಲ್ಲಿ ಸರಿಯಾಗಿ ಕೆಲಸ ಮಾಡ್ತಾ ಇದ್ದದ್ದು ಅದೊಂದೇ. ಇದೊಂದು ವಿಷಯದಲ್ಲಿ ಮಾತ್ರ ಯಾರ ಮಾತೂ ಕೇಳಬೇಡಿ. ಇಎಲ್‌ಸಿಬಿ ಬೀಳ್ತಾ ಇದ್ದರೆ ಬೀಳುವ ಕಾರಣ ಹುಡುಕಿ, ಅದನ್ನ ಬಿಚ್ಚಬೇಡಿ.

ಕೊನೆಗೆ ಸಿಕ್ಕವರು ಸಂತೆ ಹೊಂಡದ ಹತ್ತಿರ ಮೋಟಾರ್ ವೈಂಡಿಂಗ್ ಮಾಡುವ ಒಬ್ಬ ಹಿರಿಯರು. ಮನೆಗೆ ಬರಲ್ಲ, ವಯಸ್ಸಾಗಿದೆ, ಗೀಜರನ್ನೇ ಇಳಿಸಿ ತನ್ನಿ ಅಂದರು. ಪ್ಲಂಬರ್ ಕರೆಸಿ ಇಳಿಸಿದೆವು. ಇಳಿಸುವಾಗ ಪ್ಲಂಬರ್ ಹುಡುಗ "ಮೇಡಂ, ಖಾಲಿ ಮಾಡಿದ್ದೀನಿ, ಆದ್ರೂ ಏನ್ ಭಾರ ಇದು!" ಅಂದ. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಆಟೋದಲ್ಲಿ ತೊಡೆ ಮೇಲೆ ಇಟ್ಟುಕೊಂಡು ಹೋಗುವಾಗ ತಿರುವಿನಲ್ಲೆಲ್ಲ ಒಳಗೆ ಏನೋ ಜರ್ರ್ ಅಂತ ಜಾರುತ್ತಿತ್ತು, ಮಳೆ ನಿಂತ ಮೇಲೆ ತಗಡಿನ ಮೇಲೆ ಜಲ್ಲಿ ಸುರಿದ ಹಾಗೆ.

ಅವರು ಗೀಜರನ್ನು ತಲೆಕೆಳಗು ಮಾಡಿ ಹಳೇ ಟೈರ್ ಮೇಲೆ ಕೂರಿಸಿದರು. ಕೆಳಗಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು, ವೈರ್ ಬಿಡಿಸಿ, ಎಲಿಮೆಂಟ್ ಕೂರಿಸಿದ ಪ್ಲೇಟಿನ ಬೋಲ್ಟ್‌ಗಳನ್ನು ಒಂದೊಂದಾಗಿ ಸಡಿಲಿಸಿದರು. ಪ್ಲೇಟ್ ಮೇಲೆ ಬರಲಿಲ್ಲ. ಸುತ್ತಿಗೆಯ ಹಿಡಿಯಿಂದ ಸುತ್ತಲೂ ಮೆಲ್ಲಗೆ ಕುಟ್ಟಿದರು. ಆಮೇಲೆ ಜಗ್ಗಿದಾಗ ಬಂತು ನೋಡಿ, ಅದನ್ನ ಎಲಿಮೆಂಟ್ ಅಂತ ಕರೆಯೋಕೆ ಆಗಲ್ಲ. ಬೆರಳಿನಷ್ಟು ದಪ್ಪ ಇರಬೇಕಾದ ತಾಮ್ರದ ಕೊಳವೆ ನನ್ನ ಮಣಿಕಟ್ಟಿನಷ್ಟು ದಪ್ಪ ಆಗಿತ್ತು. ಮೇಲೆಲ್ಲ ಬೂದು ಬಿಳಿ ಗಂಟು, ಒಂದರ ಮೇಲೊಂದು ಪದರ, ಹುತ್ತದ ಹಾಗೆ. ಎರಡು ಸುರುಳಿಯ ನಡುವೆ ಜಾಗವೇ ಇಲ್ಲ, ಪೂರ್ತಿ ಗಾರೆ ಮೆತ್ತಿದ ಹಾಗೆ. ಒಂದು ಕಡೆ ಪದರ ಕಿತ್ತು ಬಂದಿತ್ತು, ಅಲ್ಲಿ ತಾಮ್ರ ಕಪ್ಪಾಗಿ ಉದ್ದಕ್ಕೆ ಸೀಳಿತ್ತು, ಸುಟ್ಟ ಕಡಲೆಕಾಯಿ ಬಾಯಿ ಬಿಟ್ಟ ಹಾಗೆ.

ಆಮೇಲೆ ಟ್ಯಾಂಕಿನ ಬಾಯಿ ಕೆಳಗೆ ಮಾಡಿ ಅಲ್ಲಾಡಿಸಿದರು. ಬಕೆಟ್‌ಗೆ ಸುರಿಯಿತು. ಸಣ್ಣ ಪುಡಿ, ಚಕ್ಕೆ, ಹೆಬ್ಬೆರಳಿನಷ್ಟು ತುಂಡು, ಕೆಲವು ಅರ್ಧ ಚಂದ್ರಾಕಾರ, ಎಲಿಮೆಂಟಿನ ಸುತ್ತಳತೆಯದೇ ಅಚ್ಚು. ಅರ್ಧ ಬಕೆಟ್ ಸುಣ್ಣ. ನಾವು 15 ಲೀಟರ್ ಗೀಜರ್ ಅಂದುಕೊಂಡಿದ್ದು ಎಷ್ಟು ಲೀಟರ್ ನೀರು ಹಿಡೀತಿತ್ತೋ ದೇವರಿಗೇ ಗೊತ್ತು. ಮೊದಮೊದಲು ಒಂದು ಸಲ ಕಾಯಿಸಿದರೆ ತಣ್ಣೀರು ಬೆರೆಸಿ ಎರಡು ಬಕೆಟ್ ಆಗ್ತಿತ್ತು, ಬರಬರುತ್ತಾ ಒಂದೂಕಾಲು. ಚಳಿ ಜಾಸ್ತಿ ಅಂತ ಅದಕ್ಕೊಂದು ಕಾರಣ ಕೊಟ್ಟುಕೊಂಡಿದ್ದೆವು.

"ಗುರ್ ಗುರ್ ಅಂತ ಸದ್ದು ಬರ್ತಿತ್ತಾ?" ಅಂತ ಕೇಳಿದರು.

ಬರ್ತಿತ್ತು. ಒಂದು ವರ್ಷದಿಂದ. ಬೆಕ್ಕು ಮಲಗಿದ ಹಾಗೆ ಸದ್ದು ಮಾಡುತ್ತೆ ಅಂತ ಮಗಳು ನಗುತ್ತಿದ್ದಳು. ಆ ಪದರದ ಅಡಿಯಲ್ಲಿ ಸಿಕ್ಕಿಕೊಂಡ ನೀರು ಅಲ್ಲಲ್ಲೇ ಕುದಿದು, ಗುಳ್ಳೆ ಒಡೆದು ಆಗುವ ಸದ್ದಂತೆ ಅದು. ಅಂದರೆ ಯಂತ್ರ ವರ್ಷವಿಡೀ ಹೇಳ್ತಾನೇ ಇತ್ತು.

ಅವರು ಸೀಳಿದ ಜಾಗವನ್ನು ಟೆಸ್ಟರ್ ತುದಿಯಿಂದ ಕೆರೆದು ತೋರಿಸಿದರು. ತಾಮ್ರದ ಕೊಳವೆಯ ಮಧ್ಯೆ ಕಾಯುವ ತಂತಿ, ತಂತಿಗೂ ಕೊಳವೆಗೂ ನಡುವೆ ಬಿಳಿ ಪುಡಿ ತುಂಬಿರುತ್ತೆ. ಆ ಪುಡಿ ಶಾಖ ಬಿಡುತ್ತೆ, ಕರೆಂಟ್ ಬಿಡಲ್ಲ. ಹೊರಗೆ ಸುಣ್ಣ ಕಟ್ಟಿದಾಗ ಶಾಖ ನೀರಿಗೆ ಬೇಗ ಇಳಿಯಲ್ಲ, ಕೊಳವೆ ತಾನೇ ಕಾದು ಕಾದು ಸೀಳುತ್ತೆ. ಸೀಳಿನಲ್ಲಿ ನೀರು ನುಗ್ಗಿ ಪುಡಿ ಒದ್ದೆಯಾಯಿತು ಅಂದರೆ ಕರೆಂಟ್ ತಂತಿಯಿಂದ ನೀರಿಗೆ, ನೀರಿನಿಂದ ಅರ್ಥಿಂಗಿಗೆ. ಟಪ್.

ಇಲ್ಲಿ ಒಂದು ಮಾತು. ಸುಣ್ಣ ಕಟ್ಟಿದರೆ ಕರೆಂಟ್ ಬಿಲ್ ಡಬಲ್ ಆಗುತ್ತೆ ಅಂತ ನಮ್ಮ ನೆಂಟರೊಬ್ಬರು ಹೇಳ್ತಾನೇ ಇರುತ್ತಾರೆ. ಗೃಹಜ್ಯೋತಿ ಬಂದ ಮೇಲೆ 200 ಯೂನಿಟ್ ಗೆರೆ ದಾಟದ ಹಾಗೆ ಎಲ್ಲರೂ ಮೀಟರ್ ನೋಡೋದು ಕಲಿತಿದ್ದೇವಲ್ಲ, ನಾನೂ ಹಳೇ ಬಿಲ್‌ಗಳನ್ನೆಲ್ಲ ತೆಗೆದು ನೋಡಿದೆ. ಅಂಥ ಏರಿಕೆ ಏನೂ ಕಾಣಲಿಲ್ಲ. ಯೋಚಿಸಿದರೆ ಸರಿಯಾಗೇ ಇದೆ. ಎಲಿಮೆಂಟ್ ಮುಳುಗಿರೋದು ನೀರಲ್ಲಿ, ಅದರ ಶಾಖ ತಡವಾದರೂ ನೀರಿಗೇ ಹೋಗಬೇಕು, ಬೇರೆ ಎಲ್ಲಿಗೆ ಹೋಗುತ್ತೆ? 2 ಕಿಲೋವ್ಯಾಟ್ ಗೀಜರ್ 15 ಲೀಟರ್ ತಣ್ಣೀರನ್ನು ಸ್ನಾನಕ್ಕೆ ಬೇಕಾದಷ್ಟು ಬಿಸಿ ಮಾಡೋಕೆ ಸುಮಾರು ಇಪ್ಪತ್ತು ನಿಮಿಷ, ಅರ್ಧ ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ. ಸುಣ್ಣ ತಿನ್ನೋದು ಬಿಲ್ಲನ್ನಲ್ಲ, ಎಲಿಮೆಂಟನ್ನು. ಬಿಲ್ ಏರಲಿಲ್ಲ ಅಂತ ನೆಮ್ಮದಿಯಾಗಿ ಇದ್ದದ್ದೇ ನಮ್ಮ ತಪ್ಪು.

ಇನ್ನೂ ಎರಡು ವಿಷಯ ಅವತ್ತು ನೋಡಿದೆ. ಒಂದು, ಪ್ಲೇಟಿಗೆ ಸಿಕ್ಕಿಸಿದ ಒಂದು ತಂತಿ, ಹಳೇ ಛತ್ರಿಯ ಕಡ್ಡಿಯ ಹಾಗೆ, ಅಲ್ಲಲ್ಲಿ ಬೂದಿ ಬಣ್ಣದ ಚೂರು ಅಂಟಿಕೊಂಡಿತ್ತು. ಏನಿದು ಅಂದೆ. "ಇದು ಆನೋಡ್ ರಾಡ್ ಆಗಿತ್ತು" ಅಂದರು. ಆಗಿತ್ತು! ಬೆರಳು ಗಾತ್ರದ ಮೆಗ್ನೀಸಿಯಂ ಕಡ್ಡಿ ಇರಬೇಕಿತ್ತಂತೆ. ಉಕ್ಕಿನ ಟ್ಯಾಂಕ್ ತುಕ್ಕು ಹಿಡಿಯೋ ಬದಲು ತಾನು ಸವೆದುಹೋಗಲಿ ಅಂತಲೇ ಇಡುವ ಕಡ್ಡಿ ಅದು, ಮನೆಗೆ ತಗುಲಬೇಕಾದ ದೃಷ್ಟಿಯನ್ನು ಬಾಗಿಲಿನ ಬೂದುಗುಂಬಳಕಾಯಿ ತಗೊಳ್ಳೋ ಹಾಗೆ. ಅದನ್ನು ಒಂದೆರಡು ವರ್ಷಕ್ಕೊಮ್ಮೆ ನೋಡಿ ಬದಲಾಯಿಸಬೇಕು. 2019ರಲ್ಲಿ, 2021ರಲ್ಲಿ ಎಲಿಮೆಂಟ್ ಹಾಕಿದವರು ಯಾರೂ ಅದರ ಸುದ್ದಿ ಎತ್ತಿರಲಿಲ್ಲ. ನಮಗಂತೂ ಅಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ.

ಎರಡನೆಯದು, ತಣ್ಣೀರು ಒಳಗೆ ಹೋಗುವ ಕಡೆ ಇರುವ ಹಿತ್ತಾಳೆಯ ಸೇಫ್ಟಿ ವಾಲ್ವ್. ಅದರ ಪುಟ್ಟ ಹಿಡಿ ಎತ್ತೋಕೆ ಹೋದರು, ಏಳಲಿಲ್ಲ. ಒಳಗೆ ಸುಣ್ಣ ಗಟ್ಟಿಯಾಗಿ ಕೂತಿತ್ತು. ಬಿಸಿ ಎಷ್ಟಿರಬೇಕು ಅಂತ ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಕೆಟ್ಟು ನೀರು ಕುದಿಯುತ್ತಲೇ ಹೋದರೆ ಒಳಗಿನ ಒತ್ತಡ ಹೊರಗೆ ಬಿಡೋದಕ್ಕೆ ಇರೋ ವಾಲ್ವ್ ಅದು. ಹಿರಿಯರು ಆ ವಾಲ್ವನ್ನು ನನ್ನ ಕೈಗಿಟ್ಟು ಏನೂ ಹೇಳಲಿಲ್ಲ. ಆವರೆಗೆ ಬಿಲ್, ಬಕೆಟ್ ಅಂತ ಲೆಕ್ಕ ಹಾಕ್ತಿದ್ದವಳಿಗೆ ಆಗ ಸ್ವಲ್ಪ ಬೆನ್ನು ತಣ್ಣಗಾಯಿತು.

"ಯಾವ ಕಂಪನಿದು ಒಳ್ಳೇದು ಹೇಳಿ, ಹೊಸದೇ ತಗೋತೀವಿ" ಅಂದೆ.

"ಯಾವುದು ತಗೊಂಡ್ರೂ ಇದೇ ಕಥೆನಮ್ಮ. ನಿಮ್ಮ ಗೀಜರ್ ಕೆಟ್ಟಿಲ್ಲ. ನಿಮ್ಮ ನೀರು ನೋಡ್ಕೊಳ್ಳಿ" ಅಂದರು.

ಬಕೆಟ್‌ನಿಂದ ಒಂದು ಹಿಡಿ ಚಕ್ಕೆ ಕಾಗದದಲ್ಲಿ ಕಟ್ಟಿಕೊಂಡು ಬಂದೆ, ಯಾಕೆ ಅಂತ ನನಗೂ ಗೊತ್ತಿಲ್ಲ. ಸಂಜೆ ಮಗಳು ಅದನ್ನು ಸ್ಟೀಲ್ ಲೋಟಕ್ಕೆ ಹಾಕಿ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದಳು. ಚುರ್ ಅಂತ ಸಣ್ಣ ಸದ್ದು, ನೊರೆ ಎದ್ದಿತು. ಅವಳಿಗೆ ಖುಷಿ. ನೀರಲ್ಲಿ ಕ್ಯಾಲ್ಸಿಯಂ ಬೈಕಾರ್ಬನೇಟ್ ಕರಗಿರುತ್ತೆ, ಕಾಯಿಸಿದಾಗ ಅದು ಒಡೆದು ಕ್ಯಾಲ್ಸಿಯಂ ಕಾರ್ಬನೇಟ್ ಆಗಿ ಕೆಳಗೆ ಕೂರುತ್ತೆ, ಕಾರ್ಬನ್ ಡೈಆಕ್ಸೈಡ್ ಹಾರಿಹೋಗುತ್ತೆ, ತಾತ್ಕಾಲಿಕ ಗಡಸುತನ ಅಂತ ಪಾಠ ಇದೆಯಮ್ಮ ಅಂತ ಗಿಣಿ ಹಾಗೆ ಒಪ್ಪಿಸಿದಳು. ನೀರು ಬಿಸಿಯಾದಷ್ಟೂ ಜಾಸ್ತಿ ಕೂರುತ್ತೆ. ಅಂದರೆ ಚಳಿ ಅಂತ ನಾವು ಥರ್ಮೋಸ್ಟಾಟ್ ತುದಿಗೆ ತಿರುಗಿಸಿ ಇಟ್ಟಿದ್ದು ಸುಣ್ಣಕ್ಕೆ ಹಬ್ಬ.

ಅತ್ತೆ ಲೋಟ ನೋಡಿ ನಕ್ಕರು. "ಇದಕ್ಕೆ ಇಷ್ಟು ದುಡ್ಡು ಕೊಟ್ರಾ? ನಮ್ಮ ಹಂಡೆಗೂ ಹೀಗೇ ಸುಣ್ಣ ಕಟ್ಟೋದು. ತಿಂಗಳಿಗೊಂದು ಸಲ ಹುಣಸೆಹಣ್ಣು, ಉಪ್ಪು ಹಾಕಿ ನೆನೆಸಿ, ತೆಂಗಿನ ಜುಂಗಿನಲ್ಲಿ ಉಜ್ಜಿದ್ರೆ ಫಳಫಳ ಅನ್ನೋದು." ಅತ್ತೆಯ ತವರು ಚಳ್ಳಕೆರೆ ಕಡೆ. ಅಲ್ಲಿ ಬಚ್ಚಲಲ್ಲಿ ಒಲೆ ಮೇಲೆ ಕೂರಿಸಿದ ತಾಮ್ರದ ಹಂಡೆ ಇತ್ತಂತೆ, ಶೇಂಗಾ ಸಿಪ್ಪೆ ಹಾಕಿ ಉರಿ ಮಾಡೋರಂತೆ. ಹಂಡೆ ಅಂದರೆ ಅತ್ತೆಯದು ಮುಗಿಯದ ಕಥೆ, ನಾನು ಸಾಮಾನ್ಯವಾಗಿ ಅಡುಗೆಮನೆಗೆ ಜಾರಿಕೊಳ್ತೀನಿ. ಅವತ್ತು ಮಾತ್ರ ಕೂತು ಕೇಳಿದೆ. ನೀರು ಆಗಲೂ ಇದೇ. ಸುಣ್ಣವೂ ಇದೇ. ಆದರೆ ಹಂಡೆಗೆ ಬಾಯಿ ಇತ್ತು, ದಿನಾ ಬಗ್ಗಿ ನೋಡಿದರೆ ಕಾಣ್ತಿತ್ತು, ಕೈ ಹಾಕಿದರೆ ಸಿಕ್ತಿತ್ತು. ಗೀಜರ್‌ಗೆ ಹೊಟ್ಟೆ ಇದೆ, ಬಾಯಿ ಇಲ್ಲ.

ಈಗ ನಮ್ಮ ನೀರಿನ ವಿಷಯ. ಮನೆ ಕಟ್ಟಿಸುವಾಗ ತಾರಸಿ ಮೇಲೆ ಎರಡು ಟ್ಯಾಂಕ್ ಇಟ್ಟೆವು. ಚಿಕ್ಕದು 500 ಲೀಟರಿನದು ನಲ್ಲಿ ನೀರಿಗೆ, ಅದು ಅಡುಗೆಮನೆಗೆ ಮಾತ್ರ. ದೊಡ್ಡದು ಬೋರ್ ನೀರಿಗೆ, ಅದು ಬಾತ್‌ರೂಮ್, ಬಟ್ಟೆ, ಗಿಡಕ್ಕೆ. ಚಿತ್ರದುರ್ಗದಲ್ಲಿ ನಲ್ಲಿ ನೀರು ಅಂದರೆ ಶಾಂತಿಸಾಗರದ್ದು ಇಲ್ಲವೇ ವಾಣಿವಿಲಾಸ ಸಾಗರದ್ದು, ಎರಡೂ ದೂರದಿಂದ ಬರಬೇಕು, ಅದನ್ನು ಬಂಗಾರದ ಹಾಗೆ ಖರ್ಚು ಮಾಡಬೇಕು ಅಂತ ನಮಗೆಲ್ಲ ಹುಟ್ಟುಗುಣ. 1933ರಲ್ಲಿ ಕೋಡಿ ಬಿದ್ದಿದ್ದ ಮಾರಿಕಣಿವೆ, ಅಂದರೆ ಅದೇ ವಾಣಿವಿಲಾಸ ಸಾಗರ, ಮತ್ತೆ ಕೋಡಿ ಬೀಳೋದನ್ನು ನೋಡೋಕೆ 2022ರವರೆಗೆ ಕಾದ ಜಿಲ್ಲೆ ಇದು. ಆ ವರ್ಷ ಬಸ್ಸು, ಬೈಕು, ಟ್ರ್ಯಾಕ್ಟರ್ ಮಾಡಿಕೊಂಡು ಜನ ಹಿರಿಯೂರು ಕಡೆ ಹೋಗಿದ್ದು ನೆನಪಿರಬೇಕು, ನಾವೂ ಹೋಗಿದ್ದೆವು, ಅತ್ತೆ ಕೋಡಿ ನೀರಿಗೆ ಅರಿಶಿನ ಕುಂಕುಮ ಹಾಕಿ ಕೈ ಮುಗಿದರು. ಅಂಥ ನೀರನ್ನು ಸ್ನಾನಕ್ಕೆ ಸುರಿಯೋದಾ? ಹಾಗಾಗಿ ಬೋರ್ ನೀರು ಬಚ್ಚಲಿಗೆ. ಲೆಕ್ಕ ಸರಿಯಾಗೇ ಇತ್ತು. ಆದರೆ ಇಡೀ ಮನೆಯಲ್ಲಿ ನೀರು ಕಾಯಿಸುವ ಒಂದೇ ಯಂತ್ರಕ್ಕೆ ಇಡೀ ಮನೆಯ ಅತಿ ಗಡಸು ನೀರು ಕೊಟ್ಟಿದ್ದೆವು.

ಎಷ್ಟು ಗಡಸು? ನೀರಿನ ಫಿಲ್ಟರ್ ಮಾರುವವರು ಪೆನ್ನಿನ ಹಾಗಿರುವ ಟಿಡಿಎಸ್ ಮೀಟರ್ ಅದ್ದಿ ಹೆದರಿಸುತ್ತಾರಲ್ಲ, ಅದರಿಂದ ಗೊತ್ತಾಗಲ್ಲ. ಅದು ನೀರಲ್ಲಿ ಕರಗಿದ ಎಲ್ಲದರ ಒಟ್ಟು ಅಂದಾಜು ಹೇಳುತ್ತೆ, ಅದರಲ್ಲಿ ಅಡುಗೆ ಉಪ್ಪೂ ಸೇರಿರಬಹುದು. ಸುಣ್ಣ ಕಟ್ಟಿಸೋದು ಕ್ಯಾಲ್ಸಿಯಂ, ಮೆಗ್ನೀಸಿಯಂ. ಅದನ್ನ ಬೇರೆಯಾಗೇ ಪರೀಕ್ಷೆ ಮಾಡಿಸಬೇಕು. ಬಾಟಲಿಯಲ್ಲಿ ಹಿಡಿದು ಕೊಟ್ಟು ಬಂದೆ. ಬೋರ್ ನೀರಿನ ಒಟ್ಟು ಗಡಸುತನ ಲೀಟರಿಗೆ 680 ಮಿಲಿಗ್ರಾಂ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ 200 ಇದ್ದರೆ ಒಳ್ಳೆಯದು, ಬೇರೆ ನೀರು ಇಲ್ಲದಿದ್ದರೆ 600ರವರೆಗೆ ಪರವಾಗಿಲ್ಲ ಅಂತ ಇದೆ. ನಮ್ಮದು ಅದನ್ನೂ ದಾಟಿದೆ. ನಲ್ಲಿ ನೀರು ಇದರ ಕಾಲುಭಾಗವೂ ಇರಲಿಲ್ಲ. ಪರೀಕ್ಷೆ ಬೇಡ ಅಂದರೆ ಎರಡು ಬಾಟಲಿ ತಗೊಳ್ಳಿ, ಒಂದರಲ್ಲಿ ಬೋರ್ ನೀರು, ಇನ್ನೊಂದರಲ್ಲಿ ಮಳೆ ನೀರು, ಎರಡಕ್ಕೂ ಅಷ್ಟಷ್ಟೇ ಸಾಬೂನಿನ ಚೂರು ಹಾಕಿ ಕುಲುಕಿ. ಮಳೆ ನೀರಿನ ಬಾಟಲಿ ತುಂಬ ನೊರೆ. ಬೋರ್ ನೀರಲ್ಲಿ ಮೇಲೆ ಒಂದು ಬಿಳಿ ಕೆನೆ, ಅಷ್ಟೇ.

ಹಿರಿಯರ ಅಂಗಡಿ ಇರೋದು ಸಂತೆ ಹೊಂಡದ ಹತ್ತಿರ ಅಂದೆನಲ್ಲ. ಹಳಬರು ಕೋಟೆ ಮೇಲೆ ಬಿದ್ದ ಮಳೆಯನ್ನು ಗೋಪಾಲಸ್ವಾಮಿ ಹೊಂಡದಲ್ಲಿ ಹಿಡಿದು, ಅದು ತುಂಬಿದರೆ ಅಕ್ಕ ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಊರಿನ ಸಿಹಿನೀರು ಹೊಂಡಕ್ಕೆ, ಸಂತೆ ಹೊಂಡಕ್ಕೆ ಇಳಿದು ಬರುವ ಹಾಗೆ ಮಾಡಿದ್ದರು. ಸಿಹಿನೀರು ಹೊಂಡ ಅನ್ನೋ ಹೆಸರನ್ನು ಎಷ್ಟು ಸಾವಿರ ಸಲ ಹೇಳಿದ್ದೀನೋ, ಅದರಲ್ಲಿ 'ಸಿಹಿ' ಅನ್ನೋದು ಸುಮ್ನೆ ಅಲಂಕಾರಕ್ಕೆ ಇಟ್ಟಿದ್ದಲ್ಲ, ಬಂಡೆ ಮೇಲಿಂದ ಹರಿದು ಬಂದ ಮಳೆ ನೀರು ಮೆತ್ತಗಿರುತ್ತೆ, ನೆಲದಡಿಯದು ಗಡಸು ಅನ್ನೋ ವ್ಯತ್ಯಾಸ ಅದರೊಳಗೆ ಇದೆ ಅಂತ ಹೊಳೆದದ್ದು ಗೀಜರ್ ಹೊತ್ತುಕೊಂಡು ಆ ಕಡೆ ಓಡಾಡಿದ ಮೇಲೆ.

ಸರಿ, ರಿಪೇರಿ ಮಾಡಿಸಿದೆವು. ಹೊಸ ಎಲಿಮೆಂಟ್, ಹೊಸ ಗ್ಯಾಸ್ಕೆಟ್, ಹೊಸ ಆನೋಡ್, ಹೊಸ ಸೇಫ್ಟಿ ವಾಲ್ವ್, ಕೂಲಿ, ಪ್ಲಂಬರ್, ಆಟೋ ಎಲ್ಲ ಸೇರಿ 2,300. ಟ್ಯಾಂಕನ್ನು ನಿಂಬೆಉಪ್ಪಿನ ನೀರಲ್ಲಿ ಒಂದು ರಾತ್ರಿ ನೆನೆಸಿ ತೊಳೆದುಕೊಟ್ಟರು. ಥರ್ಮೋಸ್ಟಾಟ್ 55 ಡಿಗ್ರಿಗೆ ಇಳಿಸಿದೆವು. ಮತ್ತೆ ಎರಡು ಬಕೆಟ್ ಬರತೊಡಗಿತು, ಸದ್ದೂ ನಿಂತಿತು. ನಾನು ಸಿಕ್ಕಸಿಕ್ಕವರಿಗೆಲ್ಲ ರಿಪೇರಿ ಮಾಡಿಸಿ, ಎಸೀಬೇಡಿ, ಕಂಪನಿಯವರು ಸುಳ್ಳು ಹೇಳ್ತಾರೆ ಅಂತ ಉಪದೇಶ ಶುರು ಮಾಡಿದೆ. ಹಿರಿಯರು ಮಾತ್ರ ಗೀಜರ್ ಕೊಡುವಾಗ ಟಾರ್ಚ್ ಬಿಟ್ಟು ಒಳಗೆ ತೋರಿಸಿ, "ಇಲ್ಲಿ ಇಲ್ಲಿ ಕೆಂಪು ಬಂದಿದೆ ನೋಡಿ, ಎಷ್ಟು ದಿನ ಬರುತ್ತೋ ಬರಲಿ" ಅಂದಿದ್ದರು. ನಾನು ಅದನ್ನ ಕೇಳಿಸಿಕೊಂಡೂ ಕೇಳಿಸಿಕೊಳ್ಳದ ಹಾಗೆ ಇದ್ದೆ.

ಎಂಟು ತಿಂಗಳು ಬಂತು. 2024ರ ಆಗಸ್ಟ್‌ನಲ್ಲಿ ಬಾತ್‌ರೂಮ್ ಗೋಡೆ ಮೇಲೆ ಕಂದು ಬಣ್ಣದ ಗೆರೆ ಇಳಿದಿತ್ತು. ಮೊದಲು ತೊಟ್ಟು ತೊಟ್ಟು, ವಾರದಲ್ಲಿ ದಾರದ ಹಾಗೆ. ಪೈಪಿನ ಜಾಯಿಂಟ್ ಇರಬೇಕು ಅಂತ ಎಲ್ಲಾ ದೇವರಿಗೂ ಕೈ ಮುಗಿದೆ. ಜಾಯಿಂಟ್ ಅಲ್ಲ, ಟ್ಯಾಂಕ್. ಆನೋಡ್ ಕಡ್ಡಿ ಮುಗಿದುಹೋದ ವರ್ಷಗಳಲ್ಲಿ ತುಕ್ಕು ಉಕ್ಕನ್ನೇ ತಿಂದಿತ್ತು, ಹೊಸ ಕಡ್ಡಿ ಹಾಕಿದ್ದು ಕಳ್ಳ ಹೋದ ಮೇಲೆ ಬೀಗ. ಒಳಗೆ ಗಾಜಿನ ಲೇಪ ಇರುವ ಟ್ಯಾಂಕ್ ತೂತಾದರೆ ಬೆಸುಗೆ ಹಾಕೋಕೂ ಬರಲ್ಲ, ಆ ಬಿಸಿಗೆ ಸುತ್ತಲಿನ ಲೇಪ ಸಿಡಿದುಹೋಗುತ್ತೆ. ಮುಗೀತು.

"ಅವತ್ತೇ ಆ ಹುಡುಗ ಹೇಳಿದ್ದ" ಅಂದರು ನಮ್ಮನೆಯವರು. ಹೇಳಿದ್ದ, ಹೌದು. ಟ್ಯಾಂಕಿಗೆ ಗ್ಯಾರಂಟಿ ಇಲ್ಲ ಅಂದಿದ್ದ, ಅದು ನಿಜವಾಯಿತು. ಆದರೆ ಬಿಚ್ಚಿ ನೋಡದೆ ಹೇಳಿದ್ದ. ಅವತ್ತೇ ಹೊಸದು ತಂದಿದ್ದರೆ ಅದನ್ನೂ ಅದೇ ಬೋರ್ ಪೈಪಿಗೆ ಸಿಕ್ಕಿಸಿ, ಅದೇ ತುದಿಗೆ ಥರ್ಮೋಸ್ಟಾಟ್ ತಿರುಗಿಸಿ, ಎರಡು ವರ್ಷಕ್ಕೆ ಮತ್ತೆ ಟಪ್ ಅನ್ನಿಸಿಕೊಳ್ತಿದ್ದೆವು. 2,300 ರೂಪಾಯಿ ದಂಡ ಅಂತ ಅವರ ಲೆಕ್ಕ. ಟ್ಯೂಷನ್ ಫೀಸ್ ಅಂತ ನನ್ನ ಲೆಕ್ಕ. ಈ ವಾದ ನಮ್ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಹೊಸದು ತಗೊಳ್ಳೋಕೆ ಬಿ.ಡಿ. ರಸ್ತೆ ಕಡೆಯ ಮೂರು ಅಂಗಡಿ ಸುತ್ತಿದೆವು. ನಾನು ಕೇಳಿದ ಮೊದಲ ಪ್ರಶ್ನೆ ಬಣ್ಣ, ಸ್ಟಾರ್, ಆಫರ್ ಯಾವುದೂ ಅಲ್ಲ, "ಆನೋಡ್ ರಾಡ್ ಬೇರೆ ಸಿಗುತ್ತಾ, ಪ್ಲೇಟ್ ಬಿಚ್ಚೋಕೆ ಬರುತ್ತಾ?" ಮೊದಲ ಅಂಗಡಿಯ ಹುಡುಗನಿಗೆ ಆನೋಡ್ ಅಂದರೇನು ಅಂತ ಗೊತ್ತಿರಲಿಲ್ಲ. ಎರಡನೆಯವರು ಆ್ಯಪ್‌ನಿಂದ ಆನ್ ಮಾಡೋದು ತೋರಿಸಿದರು. ಮಲಗಿದಲ್ಲಿಂದಲೇ ಗೀಜರ್ ಹಾಕಬಹುದು ಮೇಡಂ ಅಂದರು. ಹಾಕಿ? ಸ್ನಾನಕ್ಕೆ ಎದ್ದು ಹೋಗಲೇಬೇಕಲ್ವಾ. ಮೂರನೇ ಅಂಗಡಿಯವರು ಗೋಡೌನಿನಿಂದ ಒಂದನ್ನು ತರಿಸಿ ಕೆಳಗಿನ ಮುಚ್ಚಳ ಬಿಚ್ಚಿ ತೋರಿಸಿದರು. ಅಲ್ಲೇ ತಗೊಂಡೆವು, 8,200. ಅದೇ 15 ಲೀಟರ್. ಹಳೆಯದನ್ನು ಅಂಗಡಿಗೆ ಕೊಟ್ಟು ಬಂದೆವು.

ನೀರು ಮೆತ್ತಗೆ ಮಾಡುವ ಸಾಫ್ಟ್‌ನರ್ ಬಗ್ಗೆಯೂ ವಿಚಾರಿಸಿದೆ. ಅದರೊಳಗೆ ರೆಸಿನ್ ಅಂತ ಸಣ್ಣ ಸಣ್ಣ ಮಣಿಗಳು, ಅವು ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ಸೋಡಿಯಂ ಬಿಡುತ್ತವೆ. ಹಿಡಿದು ಹಿಡಿದು ತುಂಬಿದ ಮೇಲೆ ಉಪ್ಪು ನೀರು ಹಾಯಿಸಿ ತೊಳೆಯಬೇಕು, ಆ ತೊಳೆದ ಉಪ್ಪು ನೀರು ಮತ್ತೆ ಚರಂಡಿಗೆ. ಕೆಲಸ ಮಾಡುತ್ತೆ, ಅನುಮಾನ ಇಲ್ಲ. ಆದರೆ ನಮ್ಮ ನೀರಿಗೆ ಉಪ್ಪಿನ ಮೂಟೆ ಹೊರೋದೇ ಒಂದು ಕೆಲಸ ಆಗುತ್ತೆ ಅನ್ನಿಸಿತು. ಪೈಪಿಗೆ ಅಯಸ್ಕಾಂತ ಕಟ್ಟಿದರೆ ಸುಣ್ಣ ಕಟ್ಟಲ್ಲ ಅಂತ ಮಾರುವವರೂ ಬಂದಿದ್ದರು. ನಮ್ಮ ಹಿಂದಿನ ಮನೆಯವರು ಕಟ್ಟಿಸಿದ್ದಾರೆ. ಅವರ ನಲ್ಲಿ ತುದಿಯಲ್ಲಿ ನಮ್ಮದಷ್ಟೇ ಬಿಳಿ ಗಡ್ಡ ಬೆಳೆದಿದೆ, ದಿನಾ ಬೆಳಗ್ಗೆ ನೋಡ್ತೀನಿ.

ನಾವು ಮಾಡಿದ್ದು ಇಷ್ಟೇ. ನಲ್ಲಿ ನೀರಿಗೆ ಇನ್ನೊಂದು 500 ಲೀಟರ್ ಟ್ಯಾಂಕ್ ಇಟ್ಟು, ಅಲ್ಲಿಂದ ಒಂದೇ ಒಂದು ಲೈನ್ ಎಳೆದು ಗೀಜರಿನ ಒಳಬಾಯಿಗೆ ಕೊಟ್ಟೆವು. ತಣ್ಣೀರಿನ ನಲ್ಲಿಗೆ ಬೋರ್ ನೀರೇ ಇರಲಿ. ಬಕೆಟ್‌ನಲ್ಲಿ ಬೆರೆಸಿಕೊಂಡರಾಯಿತು. ನಾಲ್ಕು ಜನಕ್ಕೆ ದಿನಕ್ಕೆ 50, 60 ಲೀಟರ್ ನಲ್ಲಿ ನೀರು ಜಾಸ್ತಿ ಖರ್ಚು. ಮೊದಲ ವಾರ ಅತ್ತೆಗೆ ಜೀವ ಹೋದ ಹಾಗಾಗಿತ್ತು. ಪ್ಲಂಬರ್ ಹುಡುಗ ಒಂದು ಒಳ್ಳೇ ಮಾತು ಹೇಳಿದ. ಬಿಸಿ, ತಣ್ಣೀರು ಎರಡೂ ಒಂದೇ ನಲ್ಲಿಯಲ್ಲಿ ಬರುವ ಮಿಕ್ಸರ್ ಇದ್ದರೆ ಹೀಗೆ ಎರಡು ಟ್ಯಾಂಕಿನ ನೀರು ಸುಮ್ನೆ ಕೊಡೋಕಾಗಲ್ಲ, ಒತ್ತಡ ಜಾಸ್ತಿ ಇರುವ ಕಡೆಯ ನೀರು ಇನ್ನೊಂದಕ್ಕೆ ನುಗ್ಗುತ್ತೆ, ನಡುವೆ ಹಿಂದೆ ಹೋಗದ ಹಾಗೆ ವಾಲ್ವ್ ಹಾಕಬೇಕು ಅಂತ. ನಮ್ಮಲ್ಲಿ ಎರಡೂ ನಲ್ಲಿ ಬೇರೆ ಬೇರೆ, ಹಳೇ ಕಾಲದ್ದು, ಅದೇ ಈಗ ಅನುಕೂಲಕ್ಕೆ ಬಂತು.

2025ರ ಸೆಪ್ಟೆಂಬರ್‌ಗೆ ಒಂದು ವರ್ಷ. ಗೌರಿ ಹಬ್ಬದ ಗಡಿಬಿಡಿ ಎಲ್ಲ ಮುಗಿದ ಮೇಲೆ ಒಂದು ಭಾನುವಾರ ಮೈನ್ ಆಫ್ ಮಾಡಿಸಿ, ಪ್ಲಂಬರ್ ಹುಡುಗನನ್ನೇ ಕರೆಸಿ ಬಿಚ್ಚಿಸಿದೆ. ಏನೂ ಕೆಟ್ಟಿರಲಿಲ್ಲ, ನೋಡೋಕೇ ಬಿಚ್ಚಿಸಿದ್ದು. ಅವನಿಗೆ ವಿಚಿತ್ರ ಅನ್ನಿಸಿರಬೇಕು, ಎರಡೆರಡು ಸಲ "ನಡೀತಾ ಇದೆ ಅಲ್ವಾ ಮೇಡಂ?" ಅಂತ ಕೇಳಿದ. ಪ್ಲೇಟ್ ಜಗ್ಗದೆಯೇ ಬಂತು. ಎಲಿಮೆಂಟ್ ಮೇಲೆ ತೆಳ್ಳಗೆ ಬಿಳಿ ಪುಡಿ, ಉಗುರಲ್ಲಿ ಗೀರಿದರೆ ಕೆಳಗೆ ತಾಮ್ರ ಕೆಂಪಗೆ ಕಾಣ್ತಿತ್ತು. ಆನೋಡ್ ಸವೆದಿದೆ, ಆದರೆ ಇನ್ನೂ ಕಡ್ಡಿ ಅಂತ ಕರೆಯಬಹುದು. ಸೇಫ್ಟಿ ವಾಲ್ವಿನ ಹಿಡಿ ಎತ್ತಿದರೆ ಏಳುತ್ತೆ. ಟ್ಯಾಂಕ್ ಅಲ್ಲಾಡಿಸಿದಾಗ ಬಿದ್ದದ್ದು ಅಂಗೈಯಲ್ಲಿ ಹಿಡಿಯುವಷ್ಟು. ಮಗಳು ಅದನ್ನೂ ಲೋಟಕ್ಕೆ ಹಾಕಿ ನಿಂಬೆಹಣ್ಣು ಹಿಂಡಿದಳು. ಅತ್ತೆ ಬಗ್ಗಿ ನೋಡಿ, "ನಮ್ಮ ಹಂಡೆಗೆ ಇದಕ್ಕಿಂತ ಜಾಸ್ತಿ ಕಟ್ಟೋದು" ಅಂದರು, ಸ್ವಲ್ಪ ಬೇಜಾರಿನಿಂದ.

ಬಿಚ್ಚಿದ ತಾರೀಖನ್ನು ಗೀಜರಿನ ಹೊಟ್ಟೆ ಮೇಲೆ ಮಾರ್ಕರ್‌ನಲ್ಲಿ ಬರೆದಿದ್ದೀನಿ. ಕೈ ತೊಳೆದುಕೊಂಡು ಹೊರಗೆ ಬಂದರೆ ವಾಷಿಂಗ್ ಮೆಷಿನ್ ಹತ್ತಿರ ನಿಂತಿದ್ದ ನಮ್ಮನೆಯವರು "ಇದು ನೀರು ತುಂಬಿಸೋಕೆ ಯಾಕೋ ಅರ್ಧ ಗಂಟೆ ತಗೋತಿದೆ, ಹಳೇದಾಯ್ತು, ಹೊಸದು ನೋಡೋಣ್ವಾ?" ಅಂದರು. ಅದಕ್ಕೆ ಬರ್ತಾ ಇರೋದು ಬೋರ್ ನೀರು. ಪ್ಲಂಬರ್ ಹುಡುಗ ಆಗಲೇ ಬ್ಯಾಗ್ ಹೆಗಲಿಗೆ ಹಾಕಿಕೊಂಡಿದ್ದ. ಒಂದ್ನಿಮಿಷ ನಿಲ್ಲಪ್ಪ ಅಂದೆ, ಟೀ ಇಡ್ತೀನಿ, ಆ ಇನ್‌ಲೆಟ್ ಪೈಪಿನ ಜಾಲರಿ ಒಂದು ಬಿಚ್ಚಿ ತೋರಿಸು.